ಕಣ್ಣಿನ ಮಸೂರವೂ ತಾಮಸ್ ಯಂಗನೂ

ನಲವತ್ತು ದಾಟಿದವರು ಪತ್ರಿಕೆಯನ್ನು ಕೈಚಾಚಿ ದೂರ ಹಿಡಿದು ಓದುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಲವತ್ತು ಎಂಬರ್ಥದ ಹಿಂದೂಸ್ತಾನಿ ಮಾತಿನಿಂದಲೇ ಈ ದೋಷಕ್ಕೆ ‘ಚಾಳೀಸು’ ಎಂಬ ಹೆಸರು ನಮ್ಮಲ್ಲಿ ನಿಂತಿದೆ. ವಯಸ್ಸು ಹೀಗೆ ಕಸಿದುಕೊಳ್ಳುವ ಶಕ್ತಿಗೆ ಕಣ್ಣಿನಲ್ಲಿ ನೆಲೆ ಎಲ್ಲಿ ಎಂಬ ಪ್ರಶ್ನೆ ಯೂರೋಪಿನ ಪಂಡಿತರನ್ನು ಎರಡೂವರೆ ಶತಮಾನ ಕಾಡಿತು.

ಹೊರಗಿನ ವಸ್ತುವಿನ ಬಿಂಬವು ಕಣ್ಣಿನ ಹಿಂಬದಿಯ ಅಕ್ಷಿಪಟದ ಮೇಲೆ ತಲೆಕೆಳಗಾಗಿ ಬೀಳುವುದೆಂದು ಕೆಪ್ಲರನು 1604ರಲ್ಲಿ ತೋರಿಸಿದನು. ತೊಡಕು ಮೊದಲಾದುದು ಅಲ್ಲಿಂದಲೇ. ಬೆರಳೊಂದನ್ನು ಕಣ್ಣೆದುರು ಹಿಡಿದು ದಿಟ್ಟಿಸಿದರೆ ಆಚೆಯ ಗೋಡೆ ಮಸುಕಾಗುವುದನ್ನು ಶ್ರೋತೃಗಳು ಈಗಲೇ ಪರೀಕ್ಷಿಸಬಹುದು. ಗೋಡೆಯನ್ನು ನೋಡಿದರೆ ಬೆರಳು ಮಸುಕು. ಕಣ್ಣಿನೊಳಗೆ ಏನೋ ಒಂದು ಬದಲಾಗುತ್ತಿರಬೇಕಷ್ಟೆ. ಗುಡ್ಡೆಯೇ ಉದ್ದವಾಗುವುದೆಂದು ಕೆಲವರೂ ಮುಂಭಾಗದ ಪಾರದರ್ಶಕ ಪಟಲ ಉಬ್ಬುವುದೆಂದು ಕೆಲವರೂ ವಾದಿಸಿದರು. ಒಳಗಿನ ಮಸೂರವೇ ಆಕಾರ ಬದಲಿಸುವುದೆಂದು 1637ರಲ್ಲಿ ಡೆಕಾರ್ಟನು ಹೇಳಿದ್ದನು; ಅದು ಊಹೆ, ಪ್ರಮಾಣವಲ್ಲ.

1793ರಲ್ಲಿ, ಇನ್ನೂ ಇಪ್ಪತ್ತು ತುಂಬದ ವೈದ್ಯವಿದ್ಯಾರ್ಥಿ ತಾಮಸ್ ಯಂಗನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮಸೂರದ ಪಕ್ಷವನ್ನು ಎತ್ತಿಹಿಡಿದನು. ಎತ್ತಿನ ಕಣ್ಣನ್ನು ಸೀಳಿ ನೋಡಿ, ಮಸೂರದ ನಾರುಗಳೇ ಸ್ನಾಯುಗಳೆಂದು ಅವನು ಬಗೆದಿದ್ದನು. ಮರುವರ್ಷ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಅದೇ ವರ್ಷ ಶಸ್ತ್ರವೈದ್ಯ ಎವರಾರ್ಡ್ ಹೋಮನು, ಪೊರೆ ಬಂದು ಮಸೂರವನ್ನೇ ತೆಗೆಸಿಕೊಂಡ ಕಣ್ಣೂ ಹತ್ತಿರ ದೂರಗಳಿಗೆ ಹೊಂದಿಕೊಳ್ಳುವುದೆಂದು ಸಾರಿದನು. ಯಂಗನು ತನ್ನ ಮಾತನ್ನು ಹಿಂತೆಗೆದುಕೊಂಡನು.

1800ರ ನವೆಂಬರಿನಲ್ಲಿ ಅವನು ಅದೇ ಸಭೆಗೆ ಮರಳಿದನು. ಈ ಸಲ ಪರೀಕ್ಷೆಗೆ ಒಡ್ಡಿದ್ದು ತನ್ನ ಕಣ್ಣನ್ನೇ. ತುದಿಗೆ ಗಾಜಿನ ಮಸೂರವಿದ್ದ ಚಿಕ್ಕ ಕೊಳವೆಯಲ್ಲಿ ನೀರು ತುಂಬಿ ಕಣ್ಣಿಗೆ ಒತ್ತಿಹಿಡಿದನು. ಗಾಳಿಯ ಬದಲು ನೀರು ತಾಗಿದಾಗ ಪಾರದರ್ಶಕ ಪಟಲ ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆ ಕೊರತೆಯನ್ನು ಗಾಜು ತುಂಬಿತು. ಆದರೂ ಹೊಂದಿಕೊಳ್ಳುವ ಶಕ್ತಿ ಕುಂದಲಿಲ್ಲ. ಹಾಗಾದರೆ ಪಟಲದ ಮೇಲಿನ ಸಂಶಯ ತೀರಿತು. ಆಮೇಲೆ ಕಣ್ಣನ್ನು ಮೂಗಿನತ್ತ ತಿರುಗಿಸಿ, ಗುಡ್ಡೆಯ ಮುಂದೆ ಕಬ್ಬಿಣದ ಬಳೆಯೊಂದನ್ನೂ ಹೊರಮೂಲೆಯಿಂದ ಹಿಂದಕ್ಕೆ ಸಣ್ಣ ಬೀಗದಕೈಯ ಬಳೆಯನ್ನೂ ಒತ್ತಿ ಬಿಗಿಹಿಡಿದನು. ಹಿಂಬದಿಯನ್ನು ಒತ್ತಿದಾಗ ಕಣ್ಣಿಗೆ ಬೆಳಕಿನ ಮಚ್ಚೆಯೊಂದು ತೋರುತ್ತದೆ. ಗುಡ್ಡೆ ಉದ್ದವಾಗುವುದಾದರೆ ಆ ಮಚ್ಚೆ ಹಿಗ್ಗಬೇಕು. ಅದು ಹಿಗ್ಗಲಿಲ್ಲ. (ಇದನ್ನು ಓದುವಾಗ ನಮ್ಮ ಕಣ್ಣಲ್ಲೇ ನೀರೂರುತ್ತದೆ!) ಕೊನೆಗೆ ಮಸೂರ ಕಳೆದುಕೊಂಡವರನ್ನು ತಾನೇ ಪರೀಕ್ಷಿಸಿದನು, ಅವರಲ್ಲಿ ಈ ಶಕ್ತಿ ಕಾಣಲಿಲ್ಲ. ಹೋಮನ ಸಾಕ್ಷ್ಯ ಬಿದ್ದುಹೋಯಿತು.

ಸ್ನಾಯುವಿನ ವಿಷಯದಲ್ಲಿ ಮಾತ್ರ ಯಂಗನು ಎಡವಿದ್ದನು. ಹತ್ತಿರ ನೋಡುವಾಗ ಮಸೂರದ ಮುಂಭಾಗದಲ್ಲಿ ಪ್ರತಿಫಲಿಸಿದ ದೀಪದ ಬಿಂಬ ಚಿಕ್ಕದಾಗುವುದನ್ನು 1855ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ವಿವರಿಸಿದನು. ಮೇಲ್ಮೈ ಉಬ್ಬಿತೆಂಬುದಕ್ಕೆ ಅದೇ ಸಾಕ್ಷಿ. ಸ್ನಾಯುವಿರುವುದು ಮಸೂರದ ಹೊರಗೆ, ಉಂಗುರದಂತೆ. ಅದು ಬಿಗಿದಾಗ ಮಸೂರವನ್ನು ಎಳೆದು ಹಿಡಿದ ತಂತುಗಳು ಸಡಿಲವಾಗಿ, ಮಸೂರ ತಾನಾಗಿ ದುಂಡಗಾಗುತ್ತದೆ. ವಯಸ್ಸಿನೊಡನೆ ಅದು ಗಡಸಾಗುತ್ತದೆ. ಹತ್ತು ವರ್ಷದ ಬಾಲಕನು ಸುಮಾರು 7 ಸೆಂಟಿಮೀಟರಿನಷ್ಟು ಹತ್ತಿರದ ಅಕ್ಷರವನ್ನು ಓದಬಲ್ಲನು. 45ರ ವೇಳೆಗೆ ಆ ಅಂತರ 25ನ್ನು ಮೀರಿರುತ್ತದೆ. ಇಂದು ಪೊರೆ ಬಂದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಡುತ್ತಾರೆ. ಸಾಮಾನ್ಯವಾಗಿ ಅದು ಆಕಾರ ಬದಲಿಸದಾದ್ದರಿಂದ, ದೂರದ್ದು ನಿಚ್ಚಳವಾಗಿ ಕಂಡರೂ ಪತ್ರಿಕೆ ಓದಲು ಅವರಿಗೆ ಕನ್ನಡಕ ಬೇಕೇ ಆಗುತ್ತದೆ.