ಫೈನ್‌ಮನ್ ಪಾಠಕ್ಕೆ ಅಂಕ ಕೊಟ್ಟವರು ಯಾರು?

ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಿಂದ 1963ರವರೆಗೆ ರಿಚರ್ಡ್ ಫೈನ್‌ಮನ್ ಮೊದಲೆರಡು ವರ್ಷದ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಕಲಿಸಿದರು. ಆ ಪಾಠಗಳು ಪುಸ್ತಕವಾಗಿ ಲೋಕಪ್ರಸಿದ್ಧವಾದವು. ತರಗತಿ ಮಾತ್ರ ಸೋತಿತೆಂಬ ಮಾತು ಇಂದಿಗೂ ಉಳಿದಿದೆ. ಇದನ್ನು ಮೊದಲು ಹೇಳಿದವರು ಫೈನ್‌ಮನ್ನರೇ. ಪರೀಕ್ಷೆಯ ಉತ್ತರಗಳನ್ನು ನೋಡಿ, ಬಹುಪಾಲು ವಿದ್ಯಾರ್ಥಿಗಳ ಮಟ್ಟಿಗೆ ತಾನು ಗೆಲ್ಲಲಿಲ್ಲ ಎಂದು ಮುನ್ನುಡಿಯಲ್ಲಿ ಬರೆದರು. ಮುಂದೆ 1989ರಲ್ಲಿ ಅವರ ಸಹೋದ್ಯೋಗಿಗಳಾದ ಗುಡ್‌ಸ್ಟೀನ್ ಮತ್ತು ನ್ಯೂಗೆಬೌರ್ ಇನ್ನೂ ಮುಂದೆ ಹೋಗಿ, ಹುಡುಗರು ಹೆದರಿ ದೂರವಾದರು, ಅವರ ಜಾಗದಲ್ಲಿ ಅಧ್ಯಾಪಕರು ಬಂದು ಕೂತರು ಎಂದರು. ಆದರೆ ಈ ಮಾತುಗಳಲ್ಲಿ ಯಾವುದೂ ವಿದ್ಯಾರ್ಥಿಗಳದ್ದಲ್ಲ. ಪಾಠಕ್ರಮದ ರೂವಾರಿಗಳಲ್ಲೊಬ್ಬರಾದ ಮ್ಯಾಥ್ಯೂ ಸ್ಯಾಂಡ್ಸ್ ತರಗತಿ ಸೋತಿತೆಂಬುದನ್ನು ಒಪ್ಪಲೂ ಇಲ್ಲ.

ಅಂಕಗಳು ಸುಳ್ಳು ಹೇಳುತ್ತವೆಯೇ ಎಂದು ಕೇಳಬಹುದು. ಸುಳ್ಳಲ್ಲ, ಆದರೆ ಅವು ಬೇರೆಯದನ್ನೇ ಅಳೆಯುತ್ತವೆ. ಉಪನ್ಯಾಸ ಫೈನ್‌ಮನ್ನರದು, ಲೆಕ್ಕ ಬಿಡಿಸುವ ಅಭ್ಯಾಸ ನಡೆಯುತ್ತಿದ್ದುದು ಬೇರೆ ಬೋಧಕರ ಸಣ್ಣ ಗುಂಪುಗಳಲ್ಲಿ. ಪರೀಕ್ಷೆ ಕೇಳುವುದು ಆ ಲೆಕ್ಕವನ್ನೇ. ಹಿಂದುಳಿದವರಿಗಾಗಿ ಫೈನ್‌ಮನ್ ಬೇರೆಯಾಗಿ ಪುನರಾವರ್ತನ ಪಾಠ ಮಾಡಿದ್ದರಲ್ಲ, ತೊಡಕು ಎಲ್ಲಿದೆಯೆಂದು ಅವರಿಗೂ ಗೊತ್ತಿತ್ತು. ಇನ್ನು, ಹಳೆಯ ವಿದ್ಯಾರ್ಥಿಗಳು ಆ ಪಾಠಗಳನ್ನು ಮೆಚ್ಚಿ ನೆನೆಯುವುದು ಫೈನ್‌ಮನ್ನರ ನೊಬೆಲ್‌ನ ಹೊಳಪಿನಿಂದ ಎಂಬ ಆಕ್ಷೇಪವಿದೆ. ಬಹುಮಾನ ಬಂದದ್ದು 1965ರಲ್ಲಿ, ಪಾಠ ಮುಗಿದ ಮೇಲೆ. ನೆನಪಿಗೆ ಬಣ್ಣ ಹತ್ತಿರಲೂಬಹುದು. ಆದರೆ ಕಾಲು ಶತಮಾನದ ನಂತರ ಬರೆದ ಸಹೋದ್ಯೋಗಿಗಳ ನೆನಪಿಗೆ ಈ ಅನುಮಾನ ಏಕೆ ತಟ್ಟಬಾರದು? ಫೈನ್‌ಮನ್ನರ ತೀರ್ಪಿಗೂ ವಿದ್ಯಾರ್ಥಿಗಳ ಮಾತಿನ ಆಧಾರವಿರಲಿಲ್ಲ: ಪಾಠ ಕೇಳುತ್ತಿದ್ದವರಿಂದ ತನಗೆ ಮರುಮಾತೇ ಬರುತ್ತಿರಲಿಲ್ಲವೆಂದು ಫೈನ್‌ಮನ್ ಅದೇ ಮುನ್ನುಡಿಯಲ್ಲಿ ದೂರಿದ್ದರು.