ಒಕ್ಕಣೆ ಯಂತ್ರ ಮತ್ತು ಕಾನೂನು: ಹೊಲದಲ್ಲಿ ಕಾರ್ಮಿಕರ ಸುರಕ್ಷತೆ

ಸುಗ್ಗಿಯ ಕಾಲದಲ್ಲಿ ಒಕ್ಕಣೆ ಯಂತ್ರಕ್ಕೆ ಸಿಲುಕಿ ಬೆರಳು, ಮುಂಗೈ ಕಳೆದುಕೊಳ್ಳುವುದು ಕೃಷಿ ಕಾರ್ಮಿಕರನ್ನು ದಶಕಗಳಿಂದ ಕಾಡುತ್ತಿರುವ ಅವಘಡ. ಆದರೂ ಸುರಕ್ಷತಾ ಕಾನೂನುಗಳು ಬಹುಕಾಲ ಹೊಲದ ಬದುವನ್ನು ದಾಟಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ತಯಾರಿಕಾ ಘಟಕಗಳಿಗಷ್ಟೇ ಅನ್ವಯಿಸುತ್ತಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾಫಿ, ಚಹಾ, ರಬ್ಬರ್, ಏಲಕ್ಕಿಯಂತಹ ತೋಟಗಳಿಗೆ ಸೀಮಿತವಾಗಿತ್ತು. ರಾಗಿ, ಜೋಳ, ಗೋಧಿಯ ಹೊಲಗಳು ಎರಡರಿಂದಲೂ ಹೊರಗುಳಿದವು.

ಹಸಿರು ಕ್ರಾಂತಿಯ ನಂತರ

ಹಸಿರು ಕ್ರಾಂತಿಯಿಂದ ಇಳುವರಿ ಹೆಚ್ಚಿದಾಗ ಪಂಜಾಬ್, ಹರಿಯಾಣಗಳಲ್ಲಿ ವಿದ್ಯುತ್ ಹಾಗೂ ಟ್ರ್ಯಾಕ್ಟರ್ ಚಾಲಿತ ಒಕ್ಕಣೆ ಯಂತ್ರಗಳು ವ್ಯಾಪಕವಾದವು. ಸಣ್ಣ ವರ್ಕ್‌ಶಾಪ್‌ಗಳಲ್ಲಿ ತಯಾರಾದ ಅನೇಕ ಯಂತ್ರಗಳಲ್ಲಿ ಪೈರು ಹಾಕುವ ಬಾಯಿಗೆ ಮುಚ್ಚಳವಿರಲಿಲ್ಲ. ತೆನೆಯನ್ನು ಒಳಕ್ಕೆ ತಳ್ಳುವ ಕೈ ತಿರುಗುವ ಡ್ರಮ್ಮಿಗೆ ಸಿಲುಕುತ್ತಿತ್ತು.

ಈ ಹಿನ್ನೆಲೆಯಲ್ಲಿ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಯನ್ನು ಅಂಗೀಕರಿಸಿತು. ತಯಾರಕರು ಮತ್ತು ಮಾರಾಟಗಾರರಿಗೆ ಪರವಾನಗಿ ಕಡ್ಡಾಯವಾಯಿತು. ಯಂತ್ರ ನಡೆಸುವಾಗ ಕಾರ್ಮಿಕ ಮೃತಪಟ್ಟರೆ ಅಥವಾ ಗಾಯಗೊಂಡರೆ ಪರಿಹಾರ ನೀಡಲು ಅವಕಾಶ ಕಲ್ಪಿಸಲಾಯಿತು.

ಮುಚ್ಚಳದ ಮಹತ್ವ

ಭಾರತೀಯ ಮಾನಕ ಐಎಸ್ 9020 ಪ್ರಕಾರ ಪೈರು ಹಾಕುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು, ಡ್ರಮ್ಮಿನ ಕಡೆಯ 45 ಸೆಂ.ಮೀ. ಭಾಗ ಮುಚ್ಚಿರಬೇಕು. ಕೈ ಡ್ರಮ್ಮಿಗೆ ಎಟುಕದಂತೆ ತಡೆಯುವುದೇ ಇದರ ಉದ್ದೇಶ. ಕಾರ್ಮಿಕ ದಣಿದಿದ್ದರೂ ಈ ತಗಡು ಕೆಲಸ ಮಾಡುತ್ತದೆ. ಆದರೆ ಪೈರು ಬೇಗ ತುರುಕಲು ಮುಚ್ಚಳ ಬಿಚ್ಚಿಟ್ಟರೆ ರಕ್ಷಣೆ ಇಲ್ಲವಾಗುತ್ತದೆ.

ಹೊಣೆ ಯಾರದೆಂಬುದೂ ಜಟಿಲ ಪ್ರಶ್ನೆ. ಯಂತ್ರ ಒಬ್ಬರದು, ಹೊಲ ಇನ್ನೊಬ್ಬರದು, ಕೂಲಿಯವರನ್ನು ಕರೆತಂದ ಮೇಸ್ತ್ರಿ ಮತ್ತೊಬ್ಬ. ಹಾಜರಿ ಪುಸ್ತಕವಿಲ್ಲದ ದಿನಗೂಲಿಯವರು ತಮ್ಮ ಮಾಲೀಕ ಯಾರೆಂದು ಸಾಬೀತುಪಡಿಸುವುದು ಸುಲಭವಲ್ಲ.

ಹೊಸ ಸಂಹಿತೆ

2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಕಾರ್ಖಾನೆ ಹಾಗೂ ತೋಟ ಕಾಯ್ದೆಗಳೂ ಸೇರಿದಂತೆ 13 ಕಾಯ್ದೆಗಳ ಸ್ಥಾನ ಪಡೆಯಿತು. ಕೀಟನಾಶಕಗಳ ಬಳಕೆ, ದಾಸ್ತಾನಿನಲ್ಲಿ ತೋಟ ಕಾರ್ಮಿಕರ ಸುರಕ್ಷತೆಯನ್ನು ಅದು ಮಾಲೀಕರ ಹೊಣೆಯಾಗಿಸಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ದೊಡ್ಡ ಕಾಫಿ ತೋಟಗಳು ಇದರ ವ್ಯಾಪ್ತಿಗೆ ಬರುತ್ತವೆ. 1983ರ ಕಾಯ್ದೆ ಆ 13ರ ಪಟ್ಟಿಯಲ್ಲಿಲ್ಲ.

ನಾಲ್ಕಾರು ಆಳುಗಳು ದುಡಿಯುವ ಸಣ್ಣ ಹಿಡುವಳಿಗಳಿಗೆ ತಪಾಸಣಾಧಿಕಾರಿ ತಲುಪುವುದು ಕಷ್ಟ. ಅಲ್ಲಿ ಕಾರ್ಮಿಕರ ಕೈಗೆ ಇರುವ ಮೊದಲ ರಕ್ಷಣೆ, ತಯಾರಕರು ಅಳವಡಿಸಿದ ಮತ್ತು ರೈತರು ಬಿಚ್ಚದೆ ಉಳಿಸಿಕೊಂಡ ಆ ಮುಚ್ಚಳವೇ.