ಪದ ಪರಿಚಯ: ಪರವಾನಗಿ

ಅಪ್ಪಣೆ, ಅನುಮತಿ ಎಂಬರ್ಥದ ಈ ನಾಮಪದದ ಮೂಲ ಪಾರಸಿಯ ‘ಪರ್ವಾನಾ’, ಅಂದರೆ ಆಜ್ಞಾಪತ್ರ. ಮರಾಠಿಯಲ್ಲೂ ಇದೇ ರೂಪವಿದೆ. ಕನ್ನಡದಲ್ಲಿ ‘ಪರವಾನಿಗೆ’ ಎಂದೂ ಬಳಕೆ. ಬಂದೂಕಿಗೂ ಬೇಕು, ಅಂಗಡಿಗೂ ಬೇಕು.

ಕಟ್ಟಡದ ವಿಷಯದಲ್ಲಿ ಈ ಪದಕ್ಕೆ ತೂಕ ಹೆಚ್ಚು. ಕಾಶಿಯ ಜಂಗಮವಾಡಿ ಮಠಕ್ಕೆ ಹೋದ ಯಾತ್ರಿಕರು ಎರಡು ದಿನ ಕೋಣೆಯಲ್ಲಿ ತಂಗಿದರೆ ಅದು ಪರವಾನಗಿ. ಕೋಣೆಯ ಮೇಲೆ ಅವರಿಗೆ ಹಕ್ಕು ಹುಟ್ಟದು. ಅಂಗಡಿಯ ಕೀಲಿಕೈ ಪಡೆದು, ಮಾಲೀಕರೂ ಕೇಳದೆ ಒಳಬರದಂತೆ ಬಾಡಿಗೆ ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಗುತ್ತಿಗೆ, ಅಂದರೆ ಲೀಸು. 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮು ಪರವಾನಗಿಯನ್ನೂ, ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮು ಗುತ್ತಿಗೆಯನ್ನೂ ವಿವರಿಸುತ್ತವೆ.

ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಕ್ಷೌರದಂಗಡಿಗೆ ಕೊಟ್ಟ ಜಾಗದ ಕರಾರಿನಲ್ಲಿ ‘ಲೈಸೆನ್ಸ್’ ಎಂದೇ ಬರೆದಿತ್ತು. 1959ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಅದನ್ನು ಗುತ್ತಿಗೆ ಎಂದಿತು: ಪತ್ರದ ಹೆಸರಲ್ಲ, ಒಳಗಿನ ತಿರುಳು ಮುಖ್ಯ, ಪೂರ್ಣ ಸ್ವಾಧೀನ ಪಡೆದವರು ಮೇಲ್ನೋಟಕ್ಕೆ ಬಾಡಿಗೆದಾರರೇ. ಕರಾರಿಗೆ ಸಹಿ ಹಾಕುವ ಮುನ್ನ ತಲೆಬರಹವನ್ನಷ್ಟೇ ಅಲ್ಲ, ಸ್ವಾಧೀನದ ಷರತ್ತನ್ನೂ ಓದಿಕೊಳ್ಳಿ.